ದೊಡ್ಡ ಹಬ್ಬಕ್ಕೆ ಮುಂಚಿನ ಮಾತ್ರೆಗಳು

ಚಹಾಕ್ಕೆ ಪುದೀನ ಕೀಳಲು ಮಾಳಿಗೆಗೆ ಹೋದವಳ ಕೈಗೆ ಮಾತ್ರೆಗಳು ಸಿಕ್ಕವು. ಕುಂಡದ ಮಣ್ಣಿನಲ್ಲಿ, ಗಿಡದ ಬುಡಕ್ಕೆ ಒತ್ತಿ ಮುಚ್ಚಿಟ್ಟಿದ್ದವು. ಅರ್ಧ ಕರಗಿ ಬಣ್ಣ ಬಿಟ್ಟಿದ್ದ ಗುಲಾಬಿ ಮಾತ್ರೆಗಳು, ಬಿಳಿ ಮಾತ್ರೆಗಳು. ನನ್ನ ಗಂಡ ಬೂಶ್ತಾ ದಿನಾ ಬೆಳಿಗ್ಗೆ ನನ್ನೆದುರಿಗೇ ಬಾಯಿಗೆ ಹಾಕಿಕೊಂಡು, ನೀರು ಕುಡಿದು, "ಆಯ್ತಲ್ಲ ಪೊಲೀಸಮ್ಮ?" ಎಂದು ಕೇಳುತ್ತಿದ್ದದ್ದು ಇವನ್ನೇ. ಒಗೆದು ಹರವಿದ್ದ ಬಟ್ಟೆಗಳ ನಡುವೆ ಅಲ್ಲೇ ಕುಕ್ಕರಿಸಿದೆ. ಸಿಟ್ಟೂ ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಮೈಯಲ್ಲಿ ತ್ರಾಣ ಬೇಕು.

ಚಳಿಗಾಲದಲ್ಲಿ ಅವನ ಎದೆ ಹಿಡಿದುಕೊಂಡಿತ್ತು. ಹೃದಯದ ನಾಳ ಕಟ್ಟಿಕೊಂಡಿದೆ ಎಂದು ಒಳಗೆ ಸ್ಟೆಂಟ್ ಕೂರಿಸಿ ಮನೆಗೆ ಕಳಿಸಿದರು. ಈ ಎರಡು ಮಾತ್ರೆ ತಪ್ಪಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಮುಚ್ಚಿಕೊಳ್ಳುತ್ತದೆ, ನಾನು ನಿಲ್ಲಿಸಿ ಅನ್ನುವವರೆಗೆ ನಿಲ್ಲಿಸಕೂಡದು ಎಂದು ಡಾಕ್ಟರು ಅವನಿಗೂ ಹೇಳಿದರು, ನನಗೂ ಹೇಳಿದರು. ಅಂದಿನಿಂದ ನಾನು ಹೆಂಡತಿಯಾಗಿ ಉಳಿದಿಲ್ಲ, ಕಾವಲುಗಾರ್ತಿಯಾಗಿದ್ದೇನೆ. ಸಿಗರೇಟು ಹುಡುಕುವುದು, ಉಪ್ಪು ಬಚ್ಚಿಡುವುದು, ಮಾತ್ರೆ ಕೊಡುವುದು. ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಅವನಿಗೋ, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಕೆಳಗೆ ಅಂಗಳದಲ್ಲಿ ಅವನು ಕತ್ತಿ ಮಸೆಯುತ್ತಿದ್ದ. ಅಂಗೈಯಲ್ಲಿದ್ದದ್ದನ್ನು ಅವನ ಮುಂದೆ ಹಿಡಿದೆ.

"ಇದೇನು?"

"ಗೊಬ್ಬರ," ಅಂದ, ಕಲ್ಲಿನಿಂದ ಕಣ್ಣೆತ್ತದೆ.

"ಬೂಶ್ತಾ, ನನ್ ಹತ್ರ ಆಟ ಆಡ್ಬೇಡ."

"ದೊಡ್ಡ ಹಬ್ಬ ಮುಗೀಲಿ ಕಣೇ. ಮಾರನೇ ದಿನದಿಂದ ಬೇಕಾದ್ರೆ ಎರಡೆರಡು ನುಂಗ್ತೀನಿ."

ಯಾಕೆ ಎಂದು ಕೇಳಬೇಕಾಗಿರಲಿಲ್ಲ. ಕುರ್ಬಾನಿಯ ದೊಡ್ಡ ಹಬ್ಬದ ದಿನ ನಮ್ಮ ಓಣಿಯ ಕುರಿಗಳೆಲ್ಲ ಬೂಶ್ತಾನ ಕೈಗೇ ಕುತ್ತಿಗೆ ಕೊಡುತ್ತವೆ. ಅವನಪ್ಪನ ಕಾಲದಿಂದ ನಡೆದು ಬಂದದ್ದು. ನಮಾಜು ಮುಗಿಸಿ ಬಕೆಟ್ಟಿನಲ್ಲಿ ಕತ್ತಿಗಳನ್ನಿಟ್ಟುಕೊಂಡು ಹೊರಟರೆ ಮನೆಮನೆಯವರೂ ಬಾಗಿಲಲ್ಲಿ ನಿಂತು "ಸೀ ಬೂಶ್ತಾ, ಮೊದಲು ನಮ್ಮನೆಗೆ" ಎಂದು ಸೀ ಹಚ್ಚಿ ಮರ್ಯಾದೆಯಿಂದ ಕರೆಯುತ್ತಾರೆ. ವರ್ಷವೆಲ್ಲ ಬೆನ್ನು ಬಾಗಿಸಿ ನಡೆಯುವವನು ಅವತ್ತೊಂದು ದಿನ ನೆಟ್ಟಗೆ ನಡೆಯುತ್ತಾನೆ. ಈ ವಸಂತದಲ್ಲಿ ಓಣಿಯ ಮುದುಕಿ ಹಾಜಾ ತಾಮು ಮನೆಯಲ್ಲಿ ಮೊಮ್ಮಗನ ನಾಮಕರಣಕ್ಕೆ ಕುರಿ ಕೊಯ್ಯುವಾಗ ಅವನ ಹೆಬ್ಬೆರಳಿಗೆ ಕತ್ತಿ ತಾಗಿತು. ಹಿಂದೆ ನೂರು ಸಲ ತಾಗಿದ್ದೇ. ಆದರೆ ಈ ಸಲ ರಕ್ತ ಹೆಪ್ಪುಗಟ್ಟಗೊಡದ ಮಾತ್ರೆಗಳಿದ್ದವು, ರಕ್ತ ನಿಲ್ಲಲೇ ಇಲ್ಲ. ಸುಲಿದಿಟ್ಟಿದ್ದ ಮಾಂಸದ ಮೇಲೆ ತೊಟ್ಟಿಕ್ಕಿತು. "ಮನುಷ್ಯರ ರಕ್ತ ಬಿದ್ದದ್ದನ್ನ ನಂಟರಿಗೆ ಹೇಗೆ ಬಡಿಸ್ಲಿ?" ಎಂದು ಆ ಮುದುಕಿ ಎಲ್ಲರೆದುರಿಗೆ ಹಣೆ ಚಚ್ಚಿಕೊಂಡಳು. ಮಾರನೇ ದಿನ ಹಮ್ಮಾಮಿನಲ್ಲಿ ಮೈ ತೊಳೆಯಲು ಕೂತ ಹೆಂಗಸರೆಲ್ಲರ ಬಾಯಲ್ಲೂ ಅದೇ ಮಾತು.

ಅವನ ತೋಳು ಹಿಡಿದು ಔಷಧಿ ಅಂಗಡಿಗೆ ಎಳೆದೊಯ್ದೆ. ಅಂಗಡಿಯ ಗಿಜ್ಲಾನ್ ನಮ್ಮ ಕಣ್ಣೆದುರಿಗೆ ಬೆಳೆದವಳು, ನನ್ನನ್ನು ಖಾಲ್ತಿ, ಚಿಕ್ಕಮ್ಮ, ಅಂತಲೇ ಕರೆಯುವುದು. ವಿಷಯ ಕೇಳಿದವಳೇ ಮುಖ ಬಿಳುಚಿಕೊಂಡು ಡಾಕ್ಟರಿಗೆ ಫೋನು ಮಾಡಿದಳು.

"ಈಗ್ಲೇ ಕರ್ಕೊಂಡ್ ಬನ್ನಿ ಅಂತಿದಾರೆ ಖಾಲ್ತಿ. ಎದೆ ಪರೀಕ್ಷೆ ಮಾಡ್ಬೇಕಂತೆ. ಸೀ ಬೂಶ್ತಾ, ತಪ್ಪಿಹೋದ ಮಾತ್ರೇನೆಲ್ಲ ಒಟ್ಟಿಗೆ ನುಂಗಿ ಸರಿ ಮಾಡ್ತೀನಿ ಅಂತ ಮಾತ್ರ ಹೋಗ್ಬೇಡಿ. ಎಷ್ಟು ತಗೋಬೇಕು ಅಂತ ಅವರೇ ಹೇಳ್ತಾರೆ."

"ಹಬ್ಬದ ದಿನ ಕೈ ಕುಯ್ದುಕೊಂಡ್ರೆ?" ಅಂದ ಬೂಶ್ತಾ.

"ಕುರಿ ಕೊಯ್ಯೋದು ಬೇರೆಯೋರಿಗೆ ಬಿಡಿ. ಬಿಡಲ್ಲ ಅನ್ನೋದಾದ್ರೆ ಕಸಾಯಿಖಾನೇಲಿ ಹಾಕ್ಕೊಳ್ತಾರಲ್ಲ, ಆ ಉಕ್ಕಿನ ಬಲೆಯ ಕೈಗವಸು, ಅದನ್ನಾದ್ರೂ ಹಾಕ್ಕೊಳ್ಳಿ. ಕುಯ್ದ್ರೆ ಶುದ್ಧವಾದ ಬಟ್ಟೆ ಇಟ್ಟು ಒತ್ತಿ ಹಿಡೀಬೇಕು, ಮಧ್ಯೆ ಮಧ್ಯೆ ತೆಗೆದು ಇಣುಕಬಾರ್ದು. ಆಗ್ಲೂ ನಿಲ್ಲದಿದ್ರೆ ಸೀದಾ ಆಸ್ಪತ್ರೆ."

"ಕೈಗವಸಾ! ಮದುಮಗಳು ಗೋರಂಟಿ ಕೈ ಮುಚ್ಕೊಂಡ ಹಾಗೆ!" ಎಂದು ನಕ್ಕ. ನಾವಿಬ್ಬರೂ ನಗಲಿಲ್ಲ.

ಆಸ್ಪತ್ರೆಯಲ್ಲಿ ಎದೆಗೆ ತಂತಿಗಳನ್ನು ಅಂಟಿಸಿ ನೋಡಿದರು. ದೇವರು ದೊಡ್ಡವನು, ಏನೂ ಆಗಿರಲಿಲ್ಲ. ಡಾಕ್ಟರು ತಾವೇ ಎದುರು ನಿಂತು ಮಾತ್ರೆ ನುಂಗಿಸಿದರು. "ನಿಮಗೆ ಮಾನ ದೊಡ್ಡದೋ ಪ್ರಾಣ ದೊಡ್ಡದೋ?" ಎಂದು ಕೇಳಿದರು. ಅವನು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ. ಅವನ ಉತ್ತರ ನನಗೆ ಗೊತ್ತಿತ್ತು.

ಮಾರನೇ ಬೆಳಿಗ್ಗೆ ನೀರಿನ ಲೋಟದ ಪಕ್ಕ ಮಾತ್ರೆ ಇಟ್ಟೆ. ಅವನು ಬಾಯಿ ಅಗಲಿಸಿ ನಾಲಿಗೆ ಎತ್ತಿ ತೋರಿಸಿದ, ಸಂತೆಯಲ್ಲಿ ಹೇಸರಗತ್ತೆಯ ಹಲ್ಲು ತೋರಿಸುವ ಹಾಗೆ.

"ಮುಚ್ಚು. ಇನ್ಮೇಲೆ ನಾನು ನೋಡಲ್ಲ," ಅಂದೆ.

"ಏನಾಯ್ತೇ ಯಾಮ್ನಾ?"

"ಸಾಕಾಗಿದೆ. ನುಂಗ್ತೀಯೋ, ಪುದೀನಕ್ಕೆ ಹಾಕ್ತೀಯೋ, ನಿನ್ನಿಷ್ಟ. ಕಾಯೋಕೆ ನನ್ನ ಕೈಲಿ ಇನ್ನಾಗಲ್ಲ. ನೀನು ಸತ್ರೆ ಅಳ್ತೀನಿ, ಅಷ್ಟೆ."

ಹಾಗಂದೆನೇ ಹೊರತು ಆ ವಾರವಿಡೀ ನನಗೆ ನೆಮ್ಮದಿ ಎಂಬುದಿರಲಿಲ್ಲ. ಕುಂಡದ ಕಡೆ ಹೋಗಲಿಲ್ಲ. ಹೋದರೆ ಕೆದಕುತ್ತೇನೆಂದು ಪುದೀನವನ್ನು ಅಂಗಡಿಯಿಂದ ತಂದೆ. ಅವನು ಮಾಳಿಗೆ ಹತ್ತಿದರೆ ಒಲೆಯ ಮುಂದೆ ಕೂತೇ ಅವನ ಹೆಜ್ಜೆ ಎಣಿಸುತ್ತಿದ್ದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅಷ್ಟು ದಣಿದದ್ದು ನನಗೆ ನೆನಪಿಲ್ಲ.

ಹಬ್ಬದ ಬೆಳಿಗ್ಗೆ ಬಿಳಿ ಜಲ್ಲಾಬ ತೊಟ್ಟು ನಮಾಜಿಗೆ ಹೋಗಿ ಬಂದ. ನಮ್ಮ ಕುರಿಯನ್ನು ಮುಗಿಸಿ, ಏಪ್ರನ್ ಕಟ್ಟಿಕೊಂಡು ಬಕೆಟ್ಟು ಎತ್ತಿಕೊಂಡ. ಉಕ್ಕಿನ ಕೈಗವಸು ಇರಲಿಲ್ಲ. ಕೊಬ್ಬು ಸುತ್ತಿದ ಯಕೃತ್ತನ್ನು ಕಡ್ಡಿಗೆ ಪೋಣಿಸಿ ಕೆಂಡದ ಮೇಲಿಟ್ಟು ಕೂತೆ.

ತುಂಡುಗಳು ಇನ್ನೂ ಬೆಂದಿರಲಿಲ್ಲ, ಆಗಲೇ ಬಾಗಿಲು ತೆರೆದುಕೊಂಡಿತು. ಅವನ ಕೈಯಲ್ಲಿ ಬಕೆಟ್ಟು ಇರಲಿಲ್ಲ. ಎಡಗೈಗೆ ಸುತ್ತಿದ ಟವೆಲು ಪೂರಾ ಕೆಂಪಾಗಿತ್ತು.

"ಕುರೀದಾ, ನಿಂದಾ?"

"ನಂದೇ."

ಅವನನ್ನು ಕೂರಿಸಿ, ಒಗೆದಿಟ್ಟ ಬಟ್ಟೆ ಮಡಿಸಿ ಗಾಯದ ಮೇಲೆ ಒತ್ತಿ ಹಿಡಿದು ಕೈಯನ್ನು ಮೇಲಕ್ಕೆತ್ತಿದೆ.

"ಎಲ್ಲಾಯ್ತು?"

"ಹಾಜಾ ತಾಮು ಮನೇಲಿ. ಕುರಿಗೆ ಕತ್ತಿ ಸೋಕಿಸೋಕೂ ಮುಂಚೆ, ಹಗ್ಗ ಕೊಯ್ಯೋವಾಗ. ಒಂದು ತೊಟ್ಟೂ ಬೀಳ್ಬಾರ್ದು ಅಂತ ಕೈನ ಹೊಟ್ಟೆಗೆ ಒತ್ಕೊಂಡು ಓಡಿ ಬಂದೆ. ಕತ್ತಿಗಳೆಲ್ಲ ಅಲ್ಲೇ ಇವೆ." ಅವನು ಬಾಗಿಲ ಕಡೆ ನೋಡಿದ. "ಬೇರೆ ಓಣಿಯಿಂದ ಕಟುಕನ್ನ ಕರೆಸ್ತಿದಾರೆ, ಯಾಮ್ನಾ. ನಾನು ಇನ್ನೂ ಬದುಕಿರುವಾಗ."

ನನ್ನ ಬೆರಳುಗಳ ನಡುವೆ ಬಟ್ಟೆ ಬೆಚ್ಚಗೆ ಒದ್ದೆಯಾಗುತ್ತಲೇ ಇತ್ತು. ಇನ್ನೊಂದು ಬಟ್ಟೆಯನ್ನು ಅದರ ಮೇಲೇ ಇಟ್ಟು ಒತ್ತಿದೆ. ಅದೂ ಕೆಂಪಾಗತೊಡಗಿತು. ಆಗ ನನಗೆ ಹೊಳೆಯಿತು. ಮಾತ್ರೆ ಉಗುಳಿದವನ ರಕ್ತವಲ್ಲ ಇದು.

"ನುಂಗಿದೀಯ," ಅಂದೆ.

"ಏನು?"

"ದಿನಾ ನುಂಗಿದೀಯ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ನೀನು ನೋಡೋದೇ ಬಿಟ್ಟೆಯಲ್ಲ. ಇನ್ಯಾರಿಗೆ ಮೋಸ ಮಾಡ್ಲಿ?"

ಹೊರಗೆ ಯಾರದೋ ಮನೆಯಲ್ಲಿ ಅಲ್ಲಾಹು ಅಕ್ಬರ್ ಎಂದು ತಕ್ಬೀರ್ ಕೂಗಿ ಕುರಿ ಕೆಡವಿದರು. ನಾನು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಟ್ಟೆ ಎತ್ತಿ ಇಣುಕದೆ, ಅಳುತ್ತಾ ಕೂತೆ. ಕೆಂಡದ ಮೇಲೆ ಯಕೃತ್ತು ಸೀದುಹೋಯಿತು. ರಕ್ತ ನಿಲ್ಲುವವರೆಗೆ ಇಬ್ಬರೂ ಏಳಲಿಲ್ಲ.