ಅಪ್ಪನ ಹೋಟೆಲಿನ ನೀರುದೋಸೆ

ಸಂಚಿತಾ ಕಾಲೇಜಿನ ಕೆಲಸ ಬಿಟ್ಟು ಇಮೇಲ್ ಪತ್ರ ಬರೆಯಲು ಕೂತಾಗ ಶಕ್ತಿನಗರದ ಅವಳ ಮನೆಯಲ್ಲಿ ಅದನ್ನು ಉದ್ಯೋಗವೆಂದು ಯಾರೂ ಒಪ್ಪಲಿಲ್ಲ. ಪತ್ರದ ಹೆಸರು ‘ಊಟಕ್ಕೆ ಎಲ್ಲಿ?’. ಪ್ರತಿ ಶುಕ್ರವಾರ ಬೆಳಿಗ್ಗೆ ಮಂಗಳೂರಿನ ಒಂದೊಂದು ಹೋಟೆಲಿನ ಬಗ್ಗೆ ಬರೆದು ಓದುಗರಿಗೆ ಕಳುಹಿಸುವುದು ಅವಳ ಕೆಲಸ. ತಂದೆ ಮೋಹನದಾಸ ಆಳ್ವರದ್ದು ಬಂದರಿನ ಹತ್ತಿರ ಹಳೆಯ ಹೋಟೆಲು. ಮಗಳು ಅಲ್ಲೇ ಕ್ಯಾಶಿನಲ್ಲಿ ಕೂತರೆ ಸಾಕಿತ್ತು ಅವರಿಗೆ.

ಮೊದಮೊದಲು ಓದುಗರೆಂದರೆ ನೆಂಟರೇ. ಮದುವೆ ಮನೆಗಳಲ್ಲಿ ಸಿಕ್ಕವರ ವಿಳಾಸವನ್ನೆಲ್ಲ ಅವಳು ಕೇಳಿ ಸೇರಿಸಿಕೊಂಡಿದ್ದಳು. ಅವರಲ್ಲಿ ಹೆಚ್ಚಿನವರು ಪತ್ರವನ್ನು ತೆರೆಯುವುದೇ ಇಲ್ಲ ಎಂದು ತಿಳಿದಾಗ ಅಂಥವರ ಹೆಸರನ್ನೆಲ್ಲ ಅಳಿಸಿಹಾಕಿದಳು. ಉಳಿದವರು ಬೆರಳೆಣಿಕೆಯ ಮಂದಿ. ಇವರಿಗಾಗಿಯೇ ಬರೆಯುತ್ತೇನೆ ಎಂದು ಹಟ ತೊಟ್ಟಳು. ದೋಣಿ ಹತ್ತಿ ಬೆಂಗ್ರೆಗೆ ಹೋಗಿ ಗಂಜಿ ಊಟ ಮಾಡಿದಳು; ವಾಮಂಜೂರಿನಲ್ಲಿ ಕಾಲೇಜು ಹುಡುಗರ ಮಧ್ಯೆ ನಿಂತು ಬನ್ಸ್ ತಿಂದಳು. ಎಲ್ಲಿಯೂ ಬಿಟ್ಟಿ ತಿನ್ನಲಿಲ್ಲ. ಜಾಹೀರಾತನ್ನು ಪಾತ್ರೆ ಅಂಗಡಿಯವರಿಂದ, ಮಸಾಲೆ ಹುಡಿಯವರಿಂದ ತೆಗೆದುಕೊಂಡಳೇ ಹೊರತು ಹೋಟೆಲಿನವರಿಂದ ತೆಗೆದುಕೊಳ್ಳಲಿಲ್ಲ. ಓದುಗರು ಬರೆದದ್ದಕ್ಕೆಲ್ಲ ತಾನೇ ಕೂತು ಉತ್ತರಿಸಿದಳು. ಓದಿದವರು ಇನ್ನೊಬ್ಬರಿಗೆ ಕಳುಹಿಸಿದರು. ನಿಧಾನವಾಗಿ ಗುರುತಿಲ್ಲದ ಹೆಸರುಗಳು ಸೇರತೊಡಗಿದವು.

ಹೀಗಿರುವಾಗ ರಾಯ್‌ಸ್ಟನ್ ಎಂಬ ಓದುಗನೊಬ್ಬ ಬರೆದ: ಊರಿನವರ ಹೋಟೆಲನ್ನೆಲ್ಲ ತೂಗಿ ನೋಡುತ್ತೀರಿ, ನಿಮ್ಮ ತಂದೆಯದ್ದನ್ನು ಯಾಕೆ ಬಿಟ್ಟಿದ್ದೀರಿ? ಮತ್ತೆ ಕೆಲವರೂ ಅದನ್ನೇ ಕೇಳಿದರು. ಏನಾದರೂ ಹೇಳಿ ಜಾರಿಕೊಳ್ಳೆಂದು ಅಮ್ಮ ಗುಣವತಿ ಬುದ್ಧಿ ಹೇಳಿದರು. ಸಂಚಿತಾಳಿಗೆ ಮನಸ್ಸು ಒಪ್ಪಲಿಲ್ಲ.

ಅಪ್ಪ ಯಾವುದೋ ಆರತಕ್ಷತೆಗೆ ಹೋಗಿದ್ದ ಸಂಜೆ ಅವಳು ಹೋಟೆಲಿಗೆ ಹೋದಳು. ಗುರುತು ಹಿಡಿದ ಸಪ್ಲೈಯರ್ ಅವಳಿಗೆಂದು ಬೇರೆ ದೋಸೆ ಹೊಯ್ಯಿಸಲು ಹೊರಟ. ಬೇಡ, ಎಲ್ಲರಿಗೂ ಕೊಡುವುದನ್ನೇ ಕೊಡಿ ಎಂದು ತಡೆದಳು. ತೆಂಗಿನಕಾಯಿ ಅರೆದು ಮಾಡಿದ ಕೋಳಿ ಗಸಿ ಬಾಯಲ್ಲಿ ನೀರೂರಿಸುವಂತಿತ್ತು. ನೀರುದೋಸೆ ಮಾತ್ರ ಬೆಳಿಗ್ಗೆಯೇ ಹೊಯ್ದು ಪೇರಿಸಿಟ್ಟು, ಹಬೆಯಲ್ಲಿ ಬಿಸಿ ಮಾಡಿದ್ದು, ಒಂದಕ್ಕೊಂದು ಅಂಟಿಕೊಂಡಿತ್ತು. ಬಿಲ್ಲಿನ ಹಣ ಕೊಟ್ಟು ಬಂದು ಎರಡನ್ನೂ ಇದ್ದಂತೆಯೇ ಬರೆದಳು.

ಕಳುಹಿಸುವ ಮೊದಲು ಅಪ್ಪನಿಗೆ ಓದಿ ಹೇಳಿದಳು. ಆಳ್ವರು ಕೊನೆಯವರೆಗೂ ಕೇಳಿದರು.

“ದೋಸೆಯ ಎರಡು ಸಾಲು ತೆಗಿ. ಉಳಿದದ್ದು ಚಂದ ಉಂಟು.”

“ತೆಗೆದರೆ ಬೇರೆಯವರ ಬಗ್ಗೆ ಬರೆದದ್ದನ್ನು ಯಾರು ನಂಬ್ತಾರೆ ಪಪ್ಪ?”

“ನನ್ನ ಮರ್ಯಾದೆ ನಿನಗೆ ಎಂತದೂ ಅಲ್ವಾ?”

“ಮರ್ಯಾದೆ ಉಂಟು ಅಂತಲೇ ಮೊದಲು ನಿಮಗೆ ಓದಿದ್ದು.”

ಅವರು ಎದ್ದು ಒಳಗೆ ಹೋದರು. ಸಂಚಿತಾ ‘ಇದು ನನ್ನ ತಂದೆಯ ಹೋಟೆಲು’ ಎಂಬ ಸಾಲನ್ನು ಮೊದಲಿಗೆ ಸೇರಿಸಿ, ಮರುದಿನ ಬೆಳಿಗ್ಗೆ ಕಳುಹಿಸಿಯೇ ಬಿಟ್ಟಳು.

ಇಬ್ಬರು ಮಾವಂದಿರು ಅಂದೇ ಪತ್ರ ಬೇಡವೆಂದು ಬಿಟ್ಟರು. ಮನೆತನದ ಹೆಸರು ಕೆಡಿಸಿದಳೆಂದು ಚಿಕ್ಕಮ್ಮ ಅಮ್ಮನಿಗೆ ಫೋನ್ ಮಾಡಿದರು. ಆದರೆ ಆ ಪತ್ರ ಕೈಯಿಂದ ಕೈಗೆ ಹೋಯಿತು. ಅಷ್ಟು ಕಾಲ ಕಷ್ಟಪಟ್ಟು ಸೇರಿಸಿದ್ದಕ್ಕಿಂತ ಹೆಚ್ಚು ಓದುಗರು ಒಂದೇ ವಾರದಲ್ಲಿ ಬಂದರು. ಸಂತೋಷಪಡುವುದಕ್ಕೆ ಮಾತ್ರ ಆಗಲಿಲ್ಲ. ಅಪ್ಪ ಎದುರಿಗೆ ಕೂತು ಉಣ್ಣುತ್ತಿದ್ದರು, ಮಾತಿಲ್ಲ.

ಮುಂದಿನ ವಾರದ ಭಾನುವಾರ ಊಟಕ್ಕೆ ಕೂತಾಗ ಅವರೇ ಬಾಯಿ ಬಿಟ್ಟರು. ಹಿಂದಿನ ಸಂಜೆ ತಮ್ಮದೇ ಹೋಟೆಲಿನಲ್ಲಿ ಗಿರಾಕಿಯಂತೆ ಕೂತು ನೀರುದೋಸೆ ತರಿಸಿದ್ದರಂತೆ. ಅರ್ಧಕ್ಕೇ ಕೈ ತೊಳೆದರಂತೆ.

“ಬೆಳಿಗ್ಗೆ ದೋಸೆ ಹೊಯ್ಯುವ ಅಪ್ಪಿಗೆ ಸಂಜೆಯೂ ಬರಲು ಹೇಳಿದ್ದೇನೆ. ನಾಳೆ ಬಾ, ತಿಂದು ನೋಡಿ ಇನ್ನೊಮ್ಮೆ ಬರಿ.”

“ಬರ್ತೇನೆ ಪಪ್ಪ. ಯಾವಾಗ ಅಂತ ಹೇಳುವುದಿಲ್ಲ.”

“ಎಂತ ಹಟ ಮಾರಾಯ್ತಿ ನಿನ್ನದು,” ಎಂದರು ಆಳ್ವರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೂ ಮೀನಿನ ತಟ್ಟೆಯನ್ನು ಅವಳ ಕಡೆಗೆ ಸರಿಸಿದರು.

ಮಳೆಗಾಲದ ಹೊತ್ತಿಗೆ ತೆಂಗಿನೆಣ್ಣೆ ಗಾಣದವರೊಬ್ಬರು ವರ್ಷವಿಡೀ ಜಾಹೀರಾತು ಕೊಡಲು ಒಪ್ಪಿದರು. ಸಂಚಿತಾ ಕಚೇರಿಗೆಂದು ಕದ್ರಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಬೀಗದ ಕೈ ಸಿಕ್ಕ ದಿನ ಅಲ್ಲಿ ಕುರ್ಚಿಯೂ ಇರಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಆ ಶುಕ್ರವಾರದ ಪತ್ರ ಬರೆಯಲು ಶುರುಮಾಡಿದಳು.