ನಾಚಿಕೆಯ ಹುಡುಗಿ

ನಾನು ಓದುತ್ತಿರುವುದು ಮೆದುಳಿನ ಬಗ್ಗೆ, ಸಂಶೋಧನೆ ಮಾಡುತ್ತಿರುವುದು ಆಟಿಸಂ ಬಗ್ಗೆ. ನನಗಿರುವುದೂ ಅದೇ. ಬಿ.ದುರ್ಗ, ಧರ್ಮಪುರ ಅಂತ ಊರೂರು ಸುತ್ತಿ, ಅಂಗನವಾಡಿಯ ಚಾಪೆ ಮೇಲೆ ಕೂತು ತಾಯಂದಿರಿಗೆ ಹೇಳುತ್ತೇನೆ: ಮುಚ್ಚಿಡಬೇಡಿ, ಹೆಸರು ಹಿಡಿದು ಹೇಳಿ, ಮಗುವಿನ ಅರ್ಧ ಕಷ್ಟ ಅಲ್ಲೇ ಕಮ್ಮಿಯಾಗುತ್ತದೆ. ದೀಪದ ಬುಡದಲ್ಲಿ ಕತ್ತಲೆ. ಡಾಕ್ಟರು ಹೇಳಿ ಇಷ್ಟು ವರ್ಷವಾದರೂ ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಅಮ್ಮನ ಬಾಯಿಂದ ಆ ಪದ ಹೊರಟಿರಲಿಲ್ಲ. ಯಾರು ಕೇಳಿದರೂ ಒಂದೇ ಉತ್ತರ: "ನಮ್ ಪ್ರೀತಿಗೆ ನಾಚ್ಕೆ ಜಾಸ್ತಿ."

ಹಿರಿಯೂರಿನಿಂದ ಹೆಣ್ಣು ನೋಡಲು ಬರುತ್ತಾರೆ ಎಂದಾಗ ನಾನೂ ಹಟ ಹಿಡಿದೆ.

"ಬರ್ಲಿ. ಆದ್ರೆ ಅವ್ರಿಗೆ ನೀನೇ ಹೇಳ್ಬೇಕು. ಹೇಳ್ಲಿಲ್ಲ ಅಂದ್ರೆ ನಂಗೆ ಈ ಮದ್ವೆ ಬ್ಯಾಡ."

"ನಿಶ್ಚಯ ಆಗ್ಲಿ, ಆಮೇಲೆ ಹೇಳಾಣ," ಎಂದಳು ಅಮ್ಮ, ಕೇಸರಿಬಾತಿಗೆ ರವೆ ಹುರಿಯುತ್ತಾ. ನನ್ನ ಕಡೆ ತಿರುಗಲೂ ಇಲ್ಲ. ಗಂಡ ಸಿಗುತ್ತಾನೋ ಬಿಡುತ್ತಾನೋ, ನಾಲ್ಕು ಜನರ ಮುಂದೆ ಅಮ್ಮ ಒಂದು ಸಲ ನನ್ನ ಬಗ್ಗೆ ನಿಜ ಹೇಳಬೇಕಿತ್ತು, ಅಷ್ಟೇ.

ಅವರು ಬಂದರು. ಹುಡುಗ ದುರ್ಗೇಶ್, ಅವನ ತಾಯಿ ಜಯಕ್ಕ. ಆಟಿಸಂ ಇರುವವರಿಗೆ ನೂರಕ್ಕೆ ನೂರು ಕೊಡುವ ಪರೀಕ್ಷೆ ಈ ಭೂಮಿಯ ಮೇಲೆ ಒಂದಿದ್ದರೆ ಅದು ಹೆಣ್ಣು ನೋಡುವ ಶಾಸ್ತ್ರ. ಕಣ್ಣೆತ್ತಬಾರದು, ನಾನು ಎತ್ತುವವಳೇ ಅಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು. ನನ್ನದು ಯಾವತ್ತೂ ಅಷ್ಟೇ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂರಬೇಕು. ಹೊಸ ಸೀರೆಯ ಜರಿ ಚುಚ್ಚುತ್ತಿದ್ದರೆ ಬೇರೆ ಏನು ಮಾಡಲಿ!

ಜಯಕ್ಕನಿಗೆ ಖುಷಿಯೋ ಖುಷಿ. "ನೋಡ್ರಿ, ಬಂದಾಗಿಂದ ತಲೆ ಎತ್ಲಿಲ್ಲ. ಈಗಿನ ಹುಡ್ಗೀರು ಮಖಕ್ಕೆ ಮಖ ಕೊಟ್ಟು ಮಾತಾಡ್ತಾವೆ. ಎಷ್ಟು ನಾಚ್ಕೆ ಐತೆ ಇವಳಿಗೆ!"

"ಹೂನ್ರಿ, ಸಣ್ಣೋಳಿದ್ದಾಗಿಂದ್ಲೂ ಹಂಗೇ..." ಎಂದಳು ಅಮ್ಮ.

ಮತ್ತೆ ಅದೇ ಮಾತು. ಏಳಲು ಹೊರಟೆ. ಅದನ್ನು ಕಂಡ ಅಮ್ಮ ಕೇಸರಿಬಾತಿನ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ನಾಚ್ಕೆ ಅಲ್ರಿ ಅದು. ಆಟಿಸಂ ಐತೆ ಅವಳಿಗೆ. ಕಣ್ಣು ನೋಡಿ ಮಾತಾಡಕ್ಕಾಗಲ್ಲ. ಮಿಕ್ಸಿ ಸದ್ದಾದ್ರೆ ಕಿವಿ ಮುಚ್ಕಂತಾಳೆ. ಸುಳ್ಳು ಹೇಳಕ್ಕೆ ಬರಲ್ಲ. ಇಷ್ಟು ವರ್ಷ ಅವಳ ಬದ್ಲು ನಾನೇ ಹೇಳ್ಕಂಡು ಬಂದೆ."

ಜಯಕ್ಕ ಚಮಚ ಕೆಳಗಿಟ್ಟರು. "ವಾಸಿ ಆಗ್ತೈತಾ?"

"ಇಲ್ಲ. ಅದು ಕಾಯಿಲೆ ಅಲ್ಲ," ಎಂದೆ ನಾನು.

ದುರ್ಗೇಶ್ ಒಳ್ಳೆಯವನು, ಕಾಫಿ ಪೂರ್ತಿ ಕುಡಿದ. ಜಯಕ್ಕ ಕುಂಕುಮ ತೆಗೆದುಕೊಳ್ಳುತ್ತಾ "ಊರಿಗೆ ಹೋಗಿ ಫೋನ್ ಮಾಡ್ತೀವಿ" ಎಂದರು. ಆ ಮಾತಿನ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು.

ಅವರು ಹೋದ ಮೇಲೆ ಅಮ್ಮ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಮಿಕ್ಕ ಕೇಸರಿಬಾತನ್ನು ಪಾತ್ರೆಯಿಂದಲೇ ಬಾಚಿಕೊಂಡು ತಿಂದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ. ನಾನು ಚುಚ್ಚುವ ಸೀರೆ ಬಿಚ್ಚಿ ಹಳೇ ಚೂಡಿದಾರ ಹಾಕಿಕೊಂಡೆ. ಎದೆ ಎಷ್ಟು ಹಗುರವಾಗಿತ್ತೆಂದರೆ, ಗಂಡು ಒಪ್ಪಿದ್ದರೂ ಇಷ್ಟು ಸಂತೋಷ ಆಗುತ್ತಿರಲಿಲ್ಲ.

ಪಕ್ಕದ ಮನೆಯ ಕಾಟಮ್ಮನಿಗೆ ಸುದ್ದಿ ತಿಳಿಯದೆ ಉಂಡ ಅನ್ನ ಅರಗದು. ಕಾಂಪೌಂಡಿನ ಆಚೆಯಿಂದ ಕೂಗಿದಳು. "ಏನಾತೇ ಸುಮಿತ್ರಾ? ಹುಡ್ಗಿ ನಾಚ್ಕಂಡು ಮಾತಾಡ್ಲಿಲ್ವೇನು?"

"ನಾಚ್ಕೆ ಅಲ್ಲ ಕಣೇ. ಆಟಿಸಂ," ಎಂದಳು ಅಮ್ಮ, ಬೀದಿಗೆಲ್ಲ ಕೇಳುವ ದನಿಯಲ್ಲಿ.

"ಹಂಗಂದ್ರೆ ಏನೇ?"

ಅಮ್ಮ ತಡವರಿಸಿದಳು. ನಾನು ಕೊಟ್ಟಿದ್ದ ಪುಸ್ತಕ ಅವಳು ತೆರೆದಿರಲಿಲ್ಲ, ನಾನು ಹೇಳಲು ಹೋದಾಗಲೆಲ್ಲ ಒಲೆಯ ಮೇಲೆ ಏನೋ ಇಟ್ಟಿದ್ದೀನಿ ಅಂತ ಎದ್ದು ಹೋಗುತ್ತಿದ್ದಳು. ಈಗ ಬಾಗಿಲ ಕಡೆ ತಿರುಗಿ ಕರೆದಳು.

"ಪ್ರೀತಿ, ಬಾರೇ ಇಲ್ಲಿ. ಊರೋರಿಗೆಲ್ಲ ಹೇಳ್ತೀಯಲ್ಲ, ನಮಗೂ ಹೇಳು."

ಹೊರಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ, ಅಂಗನವಾಡಿಯ ತಾಯಂದಿರ ಹಾಗೆ, ಅಮ್ಮ ಮೆಟ್ಟಿಲ ಮೇಲೆ ಕೂತು ಕೇಳಲು ಕಾದಿದ್ದಳು.