ಗಂಜಿ ಹಾಕಿದ ಹಾಡು

ಬಚ್ಚಲುಮನೆಯ ತಂತಿಯ ಮೇಲೆ ಆ ಬಟ್ಟೆ ನೀರು ತೊಟ್ಟಿಕ್ಕಿಸುತ್ತಾ ನೇತಾಡುತ್ತಿರುವುದನ್ನು ಕಂಡು ನಾನು ಅಲ್ಲಿಗೆ ಓಡಿದೆ. ಕೆಳಗೆ ಗಂಜಿಯ ಬೋಗುಣಿ. ಅಮ್ಮ ಕೈ ಒರೆಸಿಕೊಳ್ಳುತ್ತಾ, ದೊಡ್ಡ ಉಪಕಾರ ಮಾಡಿದವಳ ಹಾಗೆ ನಗುತ್ತಿದ್ದಳು.

"ಏನಮ್ಮಾ ಮಾಡ್ದೆ ಇದು!"

"ಗಂಜಿ ಹಾಕ್ದೆ ಕಣೇ. ಅಷ್ಟು ಜನರ ಮುಂದೆ ಮುದುರಿರೋ ಬಟ್ಟೆ ಹಿಡ್ಕೊಂಡು ಹೋಗೋಕಾಗುತ್ತಾ? ಸಾಯಂಕಾಲದೊಳಗೆ ಒಣಗುತ್ತೆ ಬಿಡು."

"ನಿನ್ನ ಗಂಜಿಗಿಷ್ಟು ಬೆಂಕಿ ಹಾಕ! ಅದ್ರೊಳಗೆ ಅಕ್ಕ ಇದಾಳಮ್ಮಾ!"

ಅಮ್ಮನ ನಗು ಅಲ್ಲೇ ನಿಂತಿತು.

ಅಕ್ಕ ಹಾಡುಗಾರ್ತಿ. ಹೋದ ವರ್ಷ ಡಾಕ್ಟರು ಅವಳ ಗಂಟಲಿನ ಗಂಟಿನ ಜೊತೆ ದನಿಯನ್ನೂ ತೆಗೆದುಹಾಕಿದರು. ಆಪರೇಷನ್ನಿಗೆ ಮುಂಚೆ ಅವಳು ಹಾಡಿದ್ದನ್ನೆಲ್ಲ, ಒಂದೊಂದು ಸ್ವರವನ್ನೂ, ನಾನು ರೆಕಾರ್ಡ್ ಮಾಡಿಟ್ಟುಕೊಂಡಿದ್ದೆ. ಅಮ್ಮ ನೇಕಾರ್ತಿ. ನೂಲಿನ ನಡುನಡುವೆ ತಾಮ್ರದ ಎಳೆ ಸೇರಿಸಿ ಈ ಬಟ್ಟೆ ನೇಯ್ದುಕೊಟ್ಟಳು. ಮೊಬೈಲ್ ರಿಪೇರಿ ಮಾಡಿಕೊಂಡಿರುವ ನಾನು ಆ ಎಳೆಗಳನ್ನು ಒಂದು ಪುಟ್ಟ ಪೆಟ್ಟಿಗೆಗೆ ಬೆಸೆದೆ. ಎಳೆಗೊಂದು ಸ್ವರ. ಅಕ್ಕ ಬಟ್ಟೆಯ ಮೇಲೆ ಬೆರಳಾಡಿಸಿದರೆ ಅವಳದೇ ದನಿ ಹಾಡುತ್ತಿತ್ತು. ಕೆಳಗಿನ ಮೂಲೆಯ ಪುಟ್ಟ ಎಳೆಗೆ ಮಾತ್ರ ಸ್ವರವಿರಲಿಲ್ಲ. ರೆಕಾರ್ಡಿಂಗ್ ನಡುವೆ ಅವಳು ಕೆಮ್ಮಿ ಏನೋ ಅಂದಿದ್ದಳು, ಬೆಸುಗೆ ಸರಿಯಾಗಿದೆಯೇ ಎಂದು ನೋಡಲು ಅದನ್ನೇ ಅಲ್ಲಿಗೆ ಹಾಕಿದ್ದೆ. ಆಮೇಲೆ ತೆಗೆದರಾಯಿತು ಎಂದು ಬಿಟ್ಟಿದ್ದೆ.

ಆಪರೇಷನ್ ಆದಮೇಲೆ ಅಕ್ಕ ಹೊಸ್ತಿಲು ದಾಟಿರಲಿಲ್ಲ. ಕನ್ನಡಿಗೂ ಬೆನ್ನು ಹಾಕಿ ಕೂರುತ್ತಿದ್ದಳು. ಈ ಬಟ್ಟೆಯಿಟ್ಟುಕೊಂಡು ಒಂದು ಕಚೇರಿ ಮಾಡು ಎಂದು ನಾವು ಕಾಡಿ ಬೇಡಿದ ಮೇಲೆ ಮೊಬೈಲಿನಲ್ಲಿ ಬರೆದು ತೋರಿಸಿದ್ದಳು: "ಒಂದೇ ಸಲ ಬರ್ತೀನಿ. ಹಾಡೋಕಾಗದಿದ್ರೆ ಮತ್ತೆ ನನ್ನನ್ನ ಯಾರೂ ಕರೀಬೇಡಿ." ಆ ಒಂದೇ ಸಲ ಇವತ್ತು ಸಾಯಂಕಾಲ.

ಬಟ್ಟೆಯನ್ನು ಪೆಟ್ಟಿಗೆಗೆ ಜೋಡಿಸಿ ಮುಟ್ಟಿದೆ. ಉಸಿರಿಲ್ಲ. ಒದ್ದೆ ಗಂಜಿ ಎಳೆಗಳನ್ನೆಲ್ಲ ಒಂದಕ್ಕೊಂದು ಕೂಡಿಸಿಬಿಟ್ಟಿತ್ತು, ಯಾವುದನ್ನು ಮುಟ್ಟಿದರೆಂದು ಪೆಟ್ಟಿಗೆಗೆ ಗೊತ್ತಾಗುವಂತಿರಲಿಲ್ಲ. ನೀರಲ್ಲಿ ಜಾಲಿಸೋಣವೆಂದರೆ ಇನ್ನಷ್ಟು ಒದ್ದೆಯಾಗುತ್ತದೆ. ಇಸ್ತ್ರಿ ಇಟ್ಟರೆ ಗಂಜಿ ಸೀದು ಹಪ್ಪಳವಾಯಿತು. ಕೂದಲು ಒಣಗಿಸುವ ಮೆಷಿನ್ನು ಹಿಡಿದು ಹಿಡಿದು ಅದೂ ಸುಟ್ಟುಹೋಯಿತು. ಹಾಳಾದ್ದು, ಕೈಯಿಟ್ಟಲ್ಲೆಲ್ಲ ಎಡವಟ್ಟು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬಾಯಿಗೆ ಬಂದದ್ದನ್ನೆಲ್ಲ ಅಂದೆ.

"ಗಂಜಿ ಹಾಕದೆ ಇರೋ ಬಟ್ಟೆ ನನ್ನ ಕೈಯಿಂದ ಯಾವತ್ತು ಆಚೆ ಹೋಗಿದೆಯೇ? ಬೇಡ ಅಂತ ನೀನಾದ್ರೂ ಒಂದು ಮಾತು ಹೇಳಿದ್ಯಾ?" ಎಂದ ಅಮ್ಮ ಅಲ್ಲೇ ಒದ್ದೆ ನೆಲದ ಮೇಲೆ ಕುಸಿದು ಕುಳಿತಳು. "ಅವಳ ಬಟ್ಟೆ ಅಂತ ಒಂದು ತುದಿ ಮುಷ್ಟಿಲೇ ಹಿಡ್ಕೊಂಡು, ನೋಯದ ಹಾಗೆ ಅದ್ದಿದ್ನಲ್ಲೇ..."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಹೊಸ ಸೀರೆ ಉಟ್ಟು, ಉಸಿರಾಡಲೆಂದು ಡಾಕ್ಟರು ಕುತ್ತಿಗೆಯಲ್ಲಿ ಮಾಡಿದ್ದ ತೂತು ಕಾಣದಂತೆ ತೆಳುವಾದ ಬಟ್ಟೆ ಸುತ್ತಿಕೊಂಡಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅಕ್ಕ, ಪೆಟ್ಟಿಗೆಯಿಂದ ನಾನೇ ಹಾಡು ಹಾಕ್ತೀನಿ. ನೀನು ಸುಮ್ನೆ ಕೈ ಆಡಿಸು. ಯಾರಿಗೂ ಗೊತ್ತಾಗಲ್ಲ."

ಅವಳು ಮೊಬೈಲಿನಲ್ಲಿ ಬರೆದಳು: "ನಾನೇನು ಬೊಂಬೆನಾ?" ಅರೆಒದ್ದೆ ಬಟ್ಟೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಚಪ್ಪಲಿ ಮೆಟ್ಟಿದಳು.

ಸಭಾಂಗಣ ತುಂಬಿತ್ತು. ಅಮ್ಮ ಮುಂದಿನ ಸಾಲಿನಲ್ಲಿ ನೀರಿನ ಬಾಟಲಿ ಅವುಚಿಕೊಂಡು ಕುಳಿತಿದ್ದಳು. ವೇದಿಕೆಯ ಪಕ್ಕದಲ್ಲಿ ಪೆಟ್ಟಿಗೆ ಇಟ್ಟುಕೊಂಡು ನಾನು ಕೂತೆ. ಕಂಡ ಕಂಡ ದೇವರಿಗೆಲ್ಲ ಕೈಮುಗಿದೆ.

ಅಕ್ಕ ಚೌಕಟ್ಟಿಗೆ ಬಿಗಿದ ಬಟ್ಟೆಯ ಮುಂದೆ ಕುಳಿತು ಬೆರಳಿಟ್ಟಳು. ಏನೂ ಇಲ್ಲ. ಅಂಗೈ ಊರಿದಳು. ಇಲ್ಲ. ಎರಡೂ ಕೈಯಿಂದ ಮೇಲಿಂದ ಕೆಳಗೆ ಸವರಿದಳು. ಗಂಜಿಯ ಬಟ್ಟೆ ಬರಬರ ಎಂದಿತೇ ಹೊರತು ಒಂದು ಸ್ವರ ಹೊರಡಲಿಲ್ಲ. ಹಿಂದೆ ಯಾರೋ ಕುರ್ಚಿ ಸರಿಸಿಕೊಂಡು ಎದ್ದರು. ಅಕ್ಕ ಈಗ ಬಟ್ಟೆಯನ್ನು ಬಡಿಯುತ್ತಿದ್ದಳು. ಬಾಯಿ ಅಗಲವಾಗಿ ತೆರೆದಿತ್ತು, ಅಳುವುದಕ್ಕೂ ದನಿಯಿಲ್ಲ. ನಿಲ್ಲಿಸಿಬಿಡೋಣ, ಹೋಗಿ ಎತ್ತಿಕೊಂಡು ಬರೋಣ ಎಂದು ನಾನು ಎದ್ದೇಬಿಟ್ಟೆ.

ಅಷ್ಟರಲ್ಲಿ ಅವಳ ಕೈ ಕೆಳಗಿನ ಮೂಲೆಗೆ ತಗುಲಿತು. ಅಮ್ಮ ಮುಷ್ಟಿಯಲ್ಲಿ ಹಿಡಿದಿದ್ದ ಮೂಲೆ, ಗಂಜಿ ಸೋಕದ ಅಂಗೈಯಗಲದ ಜಾಗ.

ಸ್ಪೀಕರಿನಲ್ಲಿ ಒಂದು ಕೆಮ್ಮು ಕೇಳಿಸಿತು. ಆಮೇಲೆ ಇಡೀ ಸಭಾಂಗಣಕ್ಕೆ ಕೇಳುವಂತೆ ಅಕ್ಕನ ದನಿ ಬಂತು: "ಅಮ್ಮಾ, ಸ್ವಲ್ಪ ನೀರು ಕೊಡೇ."

"ಬಂದೆ, ಬಂದೆ, ತಡಿಯೇ" ಎನ್ನುತ್ತಾ ಅಮ್ಮ ಎದ್ದಳು. ಮನೆಯಲ್ಲಿ ಏಳುತ್ತಿದ್ದ ಹಾಗೇ ಎದ್ದಳು. ಬಾಟಲಿಯ ಮುಚ್ಚಳ ತಿರುಗಿಸುತ್ತಾ ವೇದಿಕೆಯ ಮೆಟ್ಟಿಲ ತನಕ ಬಂದವಳಿಗೆ ಆಗ ನೆನಪಾಯಿತು. ಒಂದು ಕಾಲು ಮೆಟ್ಟಿಲ ಮೇಲಿಟ್ಟುಕೊಂಡು ನಿಂತೇಬಿಟ್ಟಳು.

ಅಕ್ಕ ಕೈ ಚಾಚಿದಳು. ಅಮ್ಮ ಹತ್ತಿಹೋಗಿ ಬಾಟಲಿ ಕೊಟ್ಟಳು. ಅಕ್ಕ ಎಷ್ಟೋ ಹೊತ್ತು, ಗುಟುಕು ಗುಟುಕಾಗಿ ಕುಡಿದಳು. ಬಾಯಿ ಒರೆಸಿಕೊಂಡು, ಅದೇ ಮೂಲೆಯ ಮೇಲೆ ಮತ್ತೆ ಕೈಯಿಟ್ಟಳು.

ಈ ಸಲ ಕರೆದಾಗ ಅಮ್ಮ ಪಕ್ಕದಲ್ಲೇ ಇದ್ದಳು.